ಕಾಯಕಜೀವಿಯ ಪಾದ

ವೀರಶೈವ ಧರ್ಮದಲ್ಲಿ ಪಾದಕ್ಕೆ ಸಲ್ಲುವ ಮನ್ನಣೆ ದೇಹದ ಬೇರೆ ಯಾವ ಅಂಗಕ್ಕೂ ಸಲ್ಲುವುದಿಲ್ಲ. ಅಷ್ಟಾವರಣಗಳಲ್ಲಿ ಪಾದೋದಕವೂ ಒಂದು. ಗುರುಜಂಗಮರ ಪಾದವನ್ನು ತೊಳೆದ ಉದಕವನ್ನು ಭಕ್ತನು ಶ್ರದ್ಧೆಯಿಂದ ಸ್ವೀಕರಿಸುವನು. ಮನೆಯ ಬಾಗಿಲಿಗೆ ಬಂದ ಅತಿಥಿಗೆ ಮೊದಲು ದೊರೆಯುವುದು ಕಾಲಿಗೆ ನೀರು; ಊಟೋಪಚಾರದ ಮಾತು ಅನಂತರದ್ದು. ಇಷ್ಟರಮಟ್ಟಿಗೆ ಪಾದವನ್ನು ಪೂಜ್ಯವೆಂದು ತಿಳಿದ ಮನೆತನದಲ್ಲಿಯೇ, ದುಡಿದು ಬಂದ ಮಗನ ಹಿಮ್ಮಡಿ ಬಿರಿದು ರಕ್ತ ಒಸರುತ್ತಿದ್ದರೆ, ಹಿರಿಯರು ‘ಮಣ್ಣಾಗ ದುಡಿಯೋ ಕಾಲು, ಹಂಗ ಇರತಾವು’ ಎಂದು ಸುಮ್ಮನಾಗುವರು. ಒಂದು ಪಾದಕ್ಕೆ ಪತ್ರಪುಷ್ಪ, ಇನ್ನೊಂದಕ್ಕೆ ಉಪೇಕ್ಷೆ. ಈ ಭೇದವು ಶರಣರಿಗೆ ಸಮ್ಮತವಾಗಿತ್ತೆ ಎಂಬುದನ್ನು ಸದ್ಭಕ್ತರು ವಿಚಾರಿಸಬೇಕಾಗಿದೆ. ಹೊಟ್ಟೆಪಾಡಿಗಾಗಿ ಊರು ಬಿಡುವವರ ಸಂಖ್ಯೆ ಹೆಚ್ಚುತ್ತಿರುವಾಗ ಈ ವಿಚಾರವು ಬರಿಯ ಶಾಸ್ತ್ರದ್ದಲ್ಲ, ಪ್ರತಿ ಮನೆಯದೂ ಆಗಿರುವುದು.

ಬಸವಣ್ಣನವರು ಬಡವನ ದೇಹವನ್ನೇ ಶಿವಾಲಯವಾಗಿ ಕಂಡ ವಚನವನ್ನು ಅರಿಯದ ಭಕ್ತರಿಲ್ಲ. ಅಲ್ಲಿ ಶಿರಸ್ಸಿಗೆ ಕಲಶದ ಸ್ಥಾನ, ಕಾಲಿಗೆ ಕಂಬದ ಸ್ಥಾನ. ಪಠಿಸುವವರು ಕಲಶವನ್ನು ಕಣ್ಮುಂದೆ ತಂದುಕೊಳ್ಳುವರು; ಕಂಬವನ್ನು ಮರೆತುಬಿಡುವರು. ದೇಗುಲವನ್ನು ಕಟ್ಟುವ ಶಿಲ್ಪಿಯು ಹಾಗೆ ಮರೆಯಲಾರ. ಅವನು ಕಂಬವನ್ನು ಹಸಿ ನೆಲದ ಮೇಲೆ ನಿಲ್ಲಿಸುವುದಿಲ್ಲ. ಕೆಳಗೆ ಅಗಲವಾದ ಪೀಠದ ಕಲ್ಲನ್ನಿಟ್ಟು, ಮೇಲಿನ ಭಾರವು ಹರಡುವಂತೆ ಮಾಡಿ, ಆಮೇಲೆ ಕಂಬವನ್ನೆತ್ತುವನು. ಬಡವನ ದೇಹವು ದೇಗುಲವೆಂಬ ಮಾತನ್ನು ಕೇವಲ ಉಪಮಾನವೆನ್ನದೆ ನಿಜವೆಂದು ನಂಬಿದಲ್ಲಿ, ಅವನ ಅಂಗಾಲಿನ ಕೆಳಗಿರುವ ಪಾದರಕ್ಷೆಯು ಆ ಪೀಠದ ಕಲ್ಲೇ ಆಗಿರುವುದು. ಶರೀರವು ನಶ್ವರ, ಅದರ ಆರೈಕೆಯು ಮೋಹವೆಂದು ಹೇಳುವವರೂ ಉಂಟು. ಆದರೆ ಕಾಯಕವೆಂಬ ಪದವೇ ಕಾಯದಿಂದ ಹುಟ್ಟಿದುದು. ಕಾಯವನ್ನು ಕೆಡಿಸಿಕೊಂಡು ಕಾಯಕವನ್ನು ನಡೆಸುವ ಬಗೆಯನ್ನು ಯಾವ ಶರಣನೂ ಬೋಧಿಸಲಿಲ್ಲ.

ಊರು ಬಿಡುವುದು ಹೀನವೆಂಬ ಭಾವನೆಯೊಂದು ಹಳೆಯ ಮನೆತನಗಳಲ್ಲಿ ಇನ್ನೂ ಉಳಿದಿದೆ. ಹೊಲವಿದ್ದವನು ಹೊಲ ಬಿಟ್ಟು ಹೋದರೆ ಮನೆತನದ ಮರ್ಯಾದೆ ಹೋಯಿತೆಂದು ನೊಂದುಕೊಳ್ಳುವರು. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆದಲ್ಲಿ ಈ ಭಾವನೆ ನಿಲ್ಲದು. ಕಲ್ಯಾಣವೆಂದರೆ ಹೊರಗಿನಿಂದ ಬಂದವರ ಊರು. ಬಸವಣ್ಣನವರೇ ಬಾಗೇವಾಡಿಯನ್ನು ತೊರೆದು ಕೂಡಲಸಂಗಮಕ್ಕೆ, ಅಲ್ಲಿಂದ ಮಂಗಳವಾಡಕ್ಕೆ, ಅಲ್ಲಿಂದ ಕಲ್ಯಾಣಕ್ಕೆ ನಡೆದವರು. ಮಂಗಳವಾಡದಲ್ಲಿ ಅವರು ಹಿಡಿದುದು ಕರಣಿಕನ ಉದ್ಯೋಗ. ಅಲ್ಲಮಪ್ರಭುಗಳು ಬಳ್ಳಿಗಾವೆಯವರು, ಮಹಾದೇವಿಯಕ್ಕ ಉಡುತಡಿಯವರು, ಸಿದ್ಧರಾಮರು ಸೊನ್ನಲಿಗೆಯವರು. ಸೌರಾಷ್ಟ್ರದ ಆದಯ್ಯನು ವ್ಯಾಪಾರಕ್ಕಾಗಿ ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ ಬಂದವನು. ಮೋಳಿಗೆಯ ಮಾರಯ್ಯನು ಕಾಶ್ಮೀರದ ಅರಸನಾಗಿದ್ದನೆಂದು ಪರಂಪರೆ ಹೇಳುತ್ತದೆ. ಕಲ್ಯಾಣದಲ್ಲಿ ಅವನು ಕಟ್ಟಿಗೆಯ ಹೊರೆ ಮಾರಿ ಬದುಕಿದನು. ಕಾಡಿನಿಂದ ಪೇಟೆಗೆ, ಪೇಟೆಯಿಂದ ಕಾಡಿಗೆ ದಿನವೂ ಹೊರೆ ಹೊತ್ತು ನಡೆದ ಆ ಕಾಲುಗಳು ಎಷ್ಟು ಮುಳ್ಳು ತುಳಿದಿರಬಹುದು! ಪುರಾಣಕಾರರು ಅವನ ಭಕ್ತಿಯನ್ನು ವಿಸ್ತಾರವಾಗಿ ಬರೆದರು; ಅಂಗಾಲಿನ ಮಾತನ್ನು ಬರೆಯಲಿಲ್ಲ.

ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಕಥೆಯು ಊರು ಬಿಡುವ ಗೃಹಸ್ಥರಿಗೆ ವಿಶೇಷವಾಗಿ ಉಪಯುಕ್ತವಾದುದು. ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನಾಯುವುದು ಮಾರಯ್ಯನ ಕಾಯಕ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನು ಅದನ್ನು ಮನೆಯೊಳಗಿಡಲು ಒಪ್ಪದೆ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಹೇಳಿದಳು. ಈ ಕಥೆಯನ್ನು ದುರಾಸೆಯ ಖಂಡನೆಯೆಂದು ಮಾತ್ರ ಹೇಳಿ ಮುಗಿಸುವುದು ವಾಡಿಕೆ. ಅದರಲ್ಲಿ ಇನ್ನೊಂದು ಅರ್ಥವೂ ಅಡಗಿದೆ: ಪರಸ್ಥಳದಲ್ಲಿ ಎಷ್ಟು ದುಡಿಯಬೇಕು, ಎಲ್ಲಿಗೆ ನಿಲ್ಲಿಸಬೇಕು ಎಂಬುದನ್ನು ಗಂಡನೊಬ್ಬನೇ ನಿರ್ಣಯಿಸಲಿಲ್ಲ. ಹೆಂಡತಿಯ ಮಾತು ನಡೆಯಿತು. ಇಂದು ಮನೆಯೊಡೆಯನು ನಗರಕ್ಕೆ ಹೋಗುವ ಮಾತನ್ನು ಕಟ್ಟೆಯ ಮೇಲೆ ಗೆಳೆಯರೊಡನೆ ನಿಶ್ಚಯಿಸಿ, ಹೊರಡುವ ಹಿಂದಿನ ರಾತ್ರಿ ಹೆಂಡತಿಗೆ ತಿಳಿಸುವನು. ಹಗಲು ಪಾಳಿಯ ಮೇಲೆ ರಾತ್ರಿ ಪಾಳಿಯನ್ನೂ ಹಿಡಿದು ಎರಡು ತಿಂಗಳಲ್ಲಿ ಮೈ ಸೋತು ಮರಳುವವನ ಮನೆಯಲ್ಲಿ ಲಕ್ಕಮ್ಮನ ಮಾತಿಗೆ ಅವಕಾಶ ದೊರೆತಿರಲಿಲ್ಲವೆಂದೇ ತಿಳಿಯಬೇಕು.

2019ರಿಂದ ಕಲ್ಯಾಣ ಕರ್ನಾಟಕವೆಂದು ಕರೆಯಲ್ಪಡುವ ಸೀಮೆಯಲ್ಲಿ ಈ ಪ್ರಯಾಣಕ್ಕೆ ‘ಗುಳೆ’ ಎಂದು ಹೆಸರು. ಮಳೆಯನ್ನೇ ನಂಬಿದ ಬೇಸಾಯ. ತೊಗರಿ ಒಕ್ಕಿ ಮುಗಿದ ಮೇಲೆ ಹೊಲದಲ್ಲಿ ಕೆಲಸವಿರದು. ರಾಯಚೂರು, ಯಾದಗಿರಿ, ಕಲಬುರಗಿ, ಕೊಪ್ಪಳದ ಹಳ್ಳಿಗಳಿಂದ ಜನರು ಬೆಂಗಳೂರು, ಮುಂಬಯಿ, ಪುಣೆ, ಹೈದರಾಬಾದು, ಗೋವೆಗಳಿಗೆ ಹೊರಡುವರು. ಮನೆಗೆ ಬೀಗ; ವೃದ್ಧರಿದ್ದಲ್ಲಿ ಅವರ ಬಳಿ ಒಂದೆರಡು ಮೊಮ್ಮಕ್ಕಳು. ಓದಿದ ತರುಣರ ಗುಳೆ ಬೇರೆ ಬಗೆಯದು. ಅವರು ಪೆಟ್ಟಿಗೆ ಹಿಡಿದು ರೈಲಿನಲ್ಲಿ ಹೋಗುವರು, ಬಾಡಿಗೆಯ ಕೋಣೆ ಹಿಡಿಯುವರು. ಇಬ್ಬರಿಗೂ ಊರು ಬಿಟ್ಟ ಮರುದಿನ ಬೆಳಗಿನಲ್ಲಿ ಆಗುವ ದಿಗಿಲು ಮಾತ್ರ ಒಂದೇ.

ಆ ದಿಗಿಲಿಗೆ ಈ ಧರ್ಮದಲ್ಲಿಯೇ ಒಂದು ಪರಿಹಾರವುಂಟು. ಇತರರು ಊರು ಬಿಟ್ಟಾಗ ಊರ ದೇವರನ್ನೂ ಬಿಟ್ಟು ಹೋಗಬೇಕಾಗುವುದು. ಲಿಂಗಧಾರಿಯ ದೇವರು ಅವನ ಎದೆಯ ಮೇಲೆಯೇ ಇರುವನು. ಎಂಟು ಜನ ಮಲಗುವ ಕೋಣೆಯಲ್ಲಿ, ತಗಡಿನ ಶೆಡ್ಡಿನಲ್ಲಿ, ಎಲ್ಲಿಯೇ ಆಗಲಿ ಅಂಗೈಯಗಲದ ಜಾಗ ಸಾಕು. ಬೆಳಗಿನ ಹತ್ತು ನಿಮಿಷ ಇಷ್ಟಲಿಂಗವನ್ನು ಕರಸ್ಥಲದಲ್ಲಿರಿಸಿಕೊಂಡು ಕುಳಿತವನಿಗೆ ಆ ಪರಸ್ಥಳವು ಆ ಹತ್ತು ನಿಮಿಷ ಪರಸ್ಥಳವಾಗಿ ಇರುವುದಿಲ್ಲ. ಜಂಗಮವೆಂದರೆ ಚಲಿಸುವುದು. ಚಲಿಸುವವನಿಗಾಗಿಯೇ ಮಾಡಿದಂತಿರುವ ಈ ಪೂಜಾವಿಧಾನವನ್ನು ಹಳ್ಳಿಯ ಗುಡಿಯ ಜೊತೆಯಲ್ಲಿ ಹಿಂದೆ ಬಿಟ್ಟು ಹೋಗುವ ತರುಣರನ್ನು ನೋಡಿದರೆ ಆಶ್ಚರ್ಯವಾಗುವುದು.

ಹೊರಡುವ ಮುನ್ನ ಗೃಹಸ್ಥನು ನೋಡಿಕೊಳ್ಳಬೇಕಾದ ಲೌಕಿಕ ಸಂಗತಿಗಳೂ ಧರ್ಮದ ಹೊರಗಿನವಲ್ಲ. ಮೊದಲನೆಯದು ಮುಂಗಡ. ಕಬ್ಬು ಕಡಿಯಲು, ಇಟ್ಟಿಗೆ ಸುಡಲು ಕರೆದೊಯ್ಯುವ ಮುಕಾದಮನು ಮದುವೆಯ ಸಾಲ ತೀರಿಸಲೆಂದು ದೊಡ್ಡ ಮೊತ್ತ ಕೊಡುವನು. ಆಮೇಲೆ ದುಡಿತದ ಲೆಕ್ಕ ಅವನ ಬಳಿಯೇ ಇರುವುದು. ಮುಂಗಡ ತೀರುವವರೆಗೆ ಬಿಡೆನೆಂದು ಕೂಡಿಹಾಕಿ ದುಡಿಸುವುದು 1976ರ ಜೀತಪದ್ಧತಿ ನಿರ್ಮೂಲನ ಶಾಸನದಂತೆ ಅಪರಾಧ. ಅಂಥ ಸಾಲವನ್ನು ತೀರಿಸುವ ಹೊಣೆಯೂ ಜೀತಗಾರನಿಗಿಲ್ಲ. ಇದನ್ನು ತಿಳಿಯದೆ ವರ್ಷಗಟ್ಟಲೆ ಸವೆದವರುಂಟು. ಸಾಧ್ಯವಿದ್ದಲ್ಲಿ ಮೊದಲು ಒಬ್ಬನು ಹೋಗಿ, ಕೂಲಿಯೆಷ್ಟು, ವಾರದ ಬಟವಾಡೆಯೋ ತಿಂಗಳದೋ, ನೀರು ಎಲ್ಲಿ, ಶೌಚಕ್ಕೆ ಎಲ್ಲಿ ಎಂಬುದನ್ನು ನೋಡಿ ಬಂದ ಮೇಲೆ ಹೆಂಡತಿ ಮಕ್ಕಳನ್ನು ಕರೆದೊಯ್ಯುವುದು ಲೇಸು. ಮರಳಿ ಬರುವಷ್ಟು ಹಣವನ್ನು ಬೇರೆಯಾಗಿ ಕಟ್ಟಿಟ್ಟುಕೊಂಡು ಹೊರಡತಕ್ಕದ್ದು. ಪಡಿತರ ಚೀಟಿಯನ್ನು ಮನೆಯಲ್ಲಿ ಬಿಟ್ಟು ಹೋಗಿ ನಗರದಲ್ಲಿ ಅಕ್ಕಿ ಕೊಂಡು ಉಣ್ಣುವವರಿರುವರು. ಈಗ ದೇಶದ ಯಾವ ನ್ಯಾಯಬೆಲೆ ಅಂಗಡಿಯಲ್ಲಿಯೂ ಕೇಂದ್ರದ ಪಡಿತರವನ್ನು ಪಡೆಯಬಹುದು, ಊರಲ್ಲುಳಿದವರು ತಮ್ಮ ಪಾಲನ್ನು ಊರಲ್ಲಿಯೇ ಪಡೆಯಬಹುದು. ಮಕ್ಕಳ ಶಾಲೆಯ ವರ್ಗಾವಣೆ ಪತ್ರ ಬರುವುದು ತಡವಾಯಿತೆಂದು ಹೊಸ ಊರಿನ ಸರಕಾರಿ ಶಾಲೆಯವರು ಸೇರಿಸಿಕೊಳ್ಳಲು ನಿರಾಕರಿಸುವಂತಿಲ್ಲ. 2009ರ ಶಿಕ್ಷಣ ಹಕ್ಕಿನ ಶಾಸನ ಅದನ್ನು ಸ್ಪಷ್ಟಪಡಿಸಿದೆ. ಇಷ್ಟು ತಿಳಿದುಕೊಂಡರೆ ಪ್ರಯಾಣದ ಅರ್ಧ ಭಾರ ಇಳಿದಂತೆಯೇ.

ಉಳಿದರ್ಧ ಭಾರವನ್ನು ಹೊರುವುದು ಕಾಲು.

ಹೊಲದಲ್ಲಿ ಬರಿಗಾಲಿನಲ್ಲಿ ಬೆಳೆದವನು ನಗರಕ್ಕೂ ಬರಿಗಾಲಿನಲ್ಲಿಯೇ, ಅಥವಾ ಸವೆದ ರಬ್ಬರಿನ ಚಪ್ಪಲಿಯಲ್ಲಿ ಹೋಗುವನು. ಹೊಲದ ಮಣ್ಣು ಅವನಿಗೆ ಪರಿಚಿತ. ಮುಳ್ಳೆಲ್ಲಿ, ಕಲ್ಲೆಲ್ಲಿ ಎಂದು ಕಾಲಿಗೇ ಗೊತ್ತು. ನಗರದ ನೆಲವು ಬೇರೆ. ಕಟ್ಟಡ ಕಟ್ಟುವ ಜಾಗದಲ್ಲಿ ಮೊಳೆ ಚುಚ್ಚಿದ ಹಲಗೆಗಳು ಬಿದ್ದಿರುವುವು, ಕಬ್ಬಿಣದ ಸಲಾಕೆಯ ತುಂಡುಗಳಿರುವುವು. ಎಲ್ಲಕ್ಕಿಂತ ಮೋಸದ ವಸ್ತು ಸಿಮೆಂಟು. ನೋಡುವುದಕ್ಕೆ ಬೂದಿಯಂತೆ ಸಾಧು. ನೀರು ಬೆರೆತೊಡನೆ ಸುಣ್ಣದಂತೆ ಪ್ರಬಲವಾದ ಕ್ಷಾರವಾಗುವುದು. ಕಾಂಕ್ರೀಟು ಹಾಕುವ ದಿನ ಅದರಲ್ಲಿ ನಿಂತವನಿಗೆ ಆಗ ಏನೂ ಉರಿಯುವುದಿಲ್ಲ. ಕೆಲವು ತಾಸುಗಳಾದ ಮೇಲೆ, ಎಷ್ಟೋ ಸಲ ಸಂಜೆ ಮನೆಗೆ ಹೋದ ಮೇಲೆ, ಚರ್ಮ ಕೆಂಪಾಗಿ, ಗುಳ್ಳೆಯೆದ್ದು, ಆಳವಾಗಿ ಸುಟ್ಟಿರುವುದು ಕಾಣುವುದು. ಆದುದರಿಂದ ಮೊಣಕಾಲಿನವರೆಗೆ ಬರುವ ರಬ್ಬರಿನ ಗಂಬೂಟನ್ನು ತೊಟ್ಟೇ ಆ ಕೆಲಸಕ್ಕೆ ಇಳಿಯತಕ್ಕದ್ದು. ಗಂಬೂಟಿನೊಳಗೆ ಹಸಿ ಸಿಮೆಂಟು ಹೊಕ್ಕರೆ ಬರಿಗಾಲಿಗಿಂತಲೂ ಅಪಾಯ ಹೆಚ್ಚು, ಏಕೆಂದರೆ ಅದು ಅಲ್ಲಿಯೇ ಚರ್ಮಕ್ಕೆ ಅಂಟಿ ಕುಳಿತಿರುವುದು. ತಕ್ಷಣ ಕಳಚಿ, ಧಾರಾಳವಾಗಿ ಹರಿಯುವ ಶುದ್ಧ ನೀರಿನಲ್ಲಿ ಬಹಳ ಹೊತ್ತು ತೊಳೆಯಬೇಕು. ಕಾಲಿನ ರಕ್ಷಣೆಯ ಸಾಧನಗಳನ್ನು ಕೆಲಸ ಕೊಡುವವನೇ ಪುಕ್ಕಟೆಯಾಗಿ ಒದಗಿಸಬೇಕೆಂಬುದು ಕಾನೂನು, ಕೇಳುವುದಕ್ಕೆ ನಾಚಿಕೊಳ್ಳಬೇಕಾದುದಿಲ್ಲ. ಇನ್ನು ಕಟ್ಟಡದ ಗುತ್ತಿಗೆ ಹಿಡಿದವರಲ್ಲಿ ಲಿಂಗಧಾರಿಗಳೂ ಬಹಳ ಜನ ಇರುವರು. ಅಮಾವಾಸ್ಯೆಗೊಮ್ಮೆ ಜಂಗಮರ ಪಾದ ತೊಳೆದು, ಮರುದಿನ ಇಪ್ಪತ್ತು ಜನರನ್ನು ಬರಿಗಾಲಿನಲ್ಲಿ ಕಾಂಕ್ರೀಟಿಗೆ ಇಳಿಸುವವರು ಆ ಪಾದೋದಕದ ಅರ್ಥವನ್ನು ಗುರುಗಳ ಬಳಿಯಲ್ಲಿ ಮತ್ತೊಮ್ಮೆ ಕೇಳಿ ತಿಳಿಯಬೇಕು.

ಮೊಳೆ ಚುಚ್ಚಿದಾಗ ತುಕ್ಕು ಇತ್ತೋ ಇಲ್ಲವೋ ಎಂದು ನೋಡುತ್ತ ಕೂಡಬಾರದು. ಸಾಬೂನಿನಿಂದ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಿ ಧನುರ್ವಾಯುವಿನ ಚುಚ್ಚುಮದ್ದು ಬೇಕೋ ಎಂದು ಕೇಳತಕ್ಕದ್ದು. ಗಾಯಕ್ಕೆ ಸಗಣಿ, ಸುಣ್ಣ, ಬೂದಿ ತುಂಬುವ ಪದ್ಧತಿಯನ್ನು ಹಿರಿಯರು ಇನ್ನಾದರೂ ಬಿಡಬೇಕು. ಧನುರ್ವಾಯುವಿನ ಬೀಜ ಇರುವುದು ಮಣ್ಣು ಸಗಣಿಗಳಲ್ಲಿಯೇ. ಬಯಲು ಶೌಚದ ನೆಲದಲ್ಲಿ ಬರಿಗಾಲಿನಲ್ಲಿ ಓಡಾಡುವವರ ಅಂಗಾಲಿನ ಚರ್ಮದ ಮೂಲಕ ಕೊಕ್ಕೆಹುಳುವಿನ ಮರಿಗಳು ಒಳಹೊಕ್ಕು, ಕರುಳನ್ನು ಸೇರಿ ರಕ್ತ ಹೀರುವುವು. ಹೆಣ್ಣುಮಕ್ಕಳು ಕಾರಣ ತಿಳಿಯದೆ ಬಿಳಿಚಿಕೊಂಡು ನಿತ್ರಾಣರಾಗುವುದಕ್ಕೆ ಇದೂ ಒಂದು ಮೂಲ. ಒಂದು ಜೊತೆ ಚಪ್ಪಲಿ ಅದನ್ನು ತಡೆಯಬಲ್ಲುದು.

ನಿಂತು ಮಾಡುವ ಉದ್ಯೋಗಗಳ ಕಷ್ಟ ಬೇರೆ. ಕಾವಲುಗಾರ, ಉಪಾಹಾರ ಗೃಹದ ಮಾಣಿ, ಬಟ್ಟೆಯಂಗಡಿಯ ಹುಡುಗಿ, ಕಾರ್ಖಾನೆಯ ಕೆಲಸಗಾರ, ಇವರು ದಿನಕ್ಕೆ ಹತ್ತು ಹನ್ನೆರಡು ತಾಸು ನಿಂತೇ ಇರುವರು. ನಡೆಯುವಾಗ ಮೀನಖಂಡದ ಸ್ನಾಯುಗಳು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುವುವು. ಕಲ್ಲಿನಂತೆ ನಿಂತಾಗ ಆ ಕೆಲಸ ನಿಂತು, ರಕ್ತ ಕೆಳಗೆ ತಂಗಿ, ಸಂಜೆಗೆ ಕಾಲು ಊದಿಕೊಳ್ಳುವುದು, ವರ್ಷಗಳು ಕಳೆದಂತೆ ನರಗಳು ಗಂಟುಗಟ್ಟಿ ನೀಲಿಯಾಗಿ ಉಬ್ಬುವುವು. ತಾಸಿಗೊಮ್ಮೆ ನಾಲ್ಕು ಹೆಜ್ಜೆ ಹಾಕುವುದು, ಹಿಮ್ಮಡಿಯೆತ್ತಿ ಇಳಿಸುವುದು, ಕೋಣೆಗೆ ಬಂದ ಮೇಲೆ ಹತ್ತು ನಿಮಿಷ ಕಾಲನ್ನು ಗೋಡೆಗೆ ಎತ್ತರಿಸಿ ಮಲಗುವುದು, ಇವಕ್ಕೆ ಕಾಸು ಬೇಡ. ಕೂಡಲು ಒಂದು ಪೀಠವನ್ನು ಕೊಡದ ಅಂಗಡಿಯ ಯಜಮಾನರು ಮಾತ್ರ ದೊಡ್ಡ ಪುಣ್ಯವನ್ನು ಕಳೆದುಕೊಳ್ಳುತ್ತಿರುವರು.

ಬೂಟು ಕೊಳ್ಳುವುದರಲ್ಲಿಯೂ ಒಂದು ವಿವೇಕವುಂಟು. ಬೆಳಿಗ್ಗೆ ಕೊಂಡ ಬೂಟು ಸಂಜೆಗೆ ಕಚ್ಚುವುದು, ಏಕೆಂದರೆ ದಿನ ಏರಿದಂತೆ ಪಾದವು ಸ್ವಲ್ಪ ಊದುವುದು. ಆದುದರಿಂದ ಸಂಜೆಯ ಹೊತ್ತಿಗೆ ಅಂಗಡಿಗೆ ಹೋಗಿ, ಎರಡೂ ಕಾಲಿಗೆ ತೊಟ್ಟು, ನಿಂತು ನೋಡಬೇಕು. ಹೆಚ್ಚಿನವರಲ್ಲಿ ಒಂದು ಪಾದವು ಇನ್ನೊಂದಕ್ಕಿಂತ ತುಸು ದೊಡ್ಡದು. ದೊಡ್ಡದಕ್ಕೆ ಒಪ್ಪುವ ಅಳತೆಯೇ ಸರಿಯಾದುದು. ಉದ್ದನೆಯ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಪರದೇಶದ ಅಳತೆಯ ಬೂಟುಗಳು ಈ ದೇಶದವರ ಅಗಲವಾದ ಪಾದಗಳಿಗೆ ಬಿಗಿಯಾಗುವುದುಂಟು. ಚೆನ್ನೈಯಲ್ಲಿರುವ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಬೇರೆ ಬೇರೆ ಕಡೆಗಳಲ್ಲಿ ಜನರ ಪಾದಗಳನ್ನು ಅಳೆದು ಇದನ್ನು ಕಂಡುಕೊಂಡಿರುವರು. ‘ಹಾಕ್ತಾ ಹಾಕ್ತಾ ಸಡಿಲಾಗ್ತದ’ ಎಂಬ ಅಂಗಡಿಯವನ ಮಾತನ್ನು ನಂಬಿದವರು ಆಣಿಯನ್ನು ಬೆಳೆಸಿಕೊಳ್ಳುವರು. ಸಂಬಳದಲ್ಲಿ ಆಗುವುದಾದರೆ ಎರಡು ಜೊತೆಯನ್ನಿಟ್ಟುಕೊಂಡು ದಿನ ಬಿಟ್ಟು ದಿನ ತೊಡಬೇಕು, ಬೆವರಿನಿಂದ ಒದ್ದೆಯಾದ ಬೂಟು ಒಂದು ರಾತ್ರಿಯಲ್ಲಿ ಪೂರ್ತಿ ಆರುವುದಿಲ್ಲ. ಕಾಲುಚೀಲವನ್ನು ದಿನವೂ ಒಗೆದು, ಕಾಲು ತೊಳೆದ ಮೇಲೆ ಬೆರಳುಗಳ ಸಂದಿಯನ್ನು ಒರೆಸಿದವನಿಗೆ ಸಂದಿಯ ಹುಣ್ಣು, ದುರ್ಗಂಧ ಎರಡೂ ದೂರ. ಬಿರಿದ ಹಿಮ್ಮಡಿಗೆ ರಾತ್ರಿ ಕೊಬ್ಬರಿಯೆಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಬಹುದು. ಬೆರಳ ಸಂದಿಗೆ ಹಚ್ಚಲಾಗದು. ಉಗುರನ್ನು ಮೂಲೆಗಳಲ್ಲಿ ಕೊರೆಯದೆ ನೇರವಾಗಿ ಕತ್ತರಿಸಬೇಕು.

ಇಲ್ಲಿ ಒಂದು ಸೂಕ್ಷ್ಮವಾದ ವಿಷಯವನ್ನು ಹೇಳಲೇಬೇಕಾಗಿದೆ. ಪ್ರತಿವರ್ಷ ಯುಗಾದಿಯ ಮುನ್ನ ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಿಂದ ಸಾವಿರಾರು ಭಕ್ತರು ಶ್ರೀಶೈಲ ಮಲ್ಲಿಕಾರ್ಜುನನ ದರ್ಶನಕ್ಕೆ ನಡೆದೇ ಹೋಗುವರು. ಉರಿಬಿಸಿಲು, ಕಾದ ಡಾಂಬರು, ಕೊನೆಗೆ ನಲ್ಲಮಲೆಯ ಕಾಡು. ದಾರಿಯ ಊರವರು ಇವರಿಗೆ ಅನ್ನ, ಮಜ್ಜಿಗೆ ನೀಡುವುದಲ್ಲದೆ, ಬಿಸಿನೀರಿನಲ್ಲಿ ಕಾಲು ತೊಳೆದು, ಎಣ್ಣೆ ಹಚ್ಚಿ ತಿಕ್ಕುವರು. ಗುಳ್ಳೆಗಳಿಗೆ ಔಷಧ ಹಾಕುವರು. ಜಾತಿ ಕೇಳದೆ, ಹೆಸರು ಕೇಳದೆ ಅಪರಿಚಿತನ ಧೂಳಿನ ಪಾದವನ್ನು ಮಡಿಲಲ್ಲಿಟ್ಟುಕೊಳ್ಳುವ ಆ ಸೇವೆಯು ಶರಣಧರ್ಮದ ಜೀವಂತ ರೂಪ. ಆದರೆ ಯಾತ್ರಿಕರಲ್ಲಿ ಸಕ್ಕರೆ ರೋಗದವರೂ ಬರಿಗಾಲಿನ ಹರಕೆ ಹೊತ್ತು ಹೊರಡುವರು. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನದಂತೆ ದೇಶದಲ್ಲಿ ಈ ರೋಗಿಗಳ ಸಂಖ್ಯೆ 10 ಕೋಟಿಯನ್ನು ಮೀರಿರುವುದು. ಈ ರೋಗ ಹಳೆಯದಾದಂತೆ ಅನೇಕರ ಪಾದದ ಸ್ಪರ್ಶಜ್ಞಾನ ಅಳಿಯುವುದು. ಕಾದ ಕಲ್ಲಿನ ಮೇಲೆ ನಡೆದರೂ ಉರಿ ತಿಳಿಯದು, ಮುಳ್ಳು ಮುರಿದು ಒಳಗೇ ಉಳಿದರೂ ನೋವಾಗದು. ನೋವಿಲ್ಲದಿರುವುದನ್ನು ದೇವರ ಕೃಪೆಯೆಂದು ಭಾವಿಸಿ ನಡೆದವರು ಕೊಳೆತ ಬೆರಳಿನೊಡನೆ ಆಸ್ಪತ್ರೆ ಸೇರುವರು.

ನೋವು ಎಂಥ ಉಪಕಾರಿಯೆಂಬುದನ್ನು ವೇಲೂರಿನ ವೈದ್ಯ ಪಾಲ್ ಬ್ರ್ಯಾಂಡರು ಕುಷ್ಠರೋಗಿಗಳ ನಡುವೆ ದುಡಿದು ತೋರಿಸಿಕೊಟ್ಟರು. 1946ರಲ್ಲಿ ಆ ಊರಿಗೆ ಬಂದ ಅವರು ರೋಗಿಗಳ ಬೆರಳುಗಳು ತಾವಾಗಿ ಕೊಳೆತು ಉದುರುವುದಿಲ್ಲವೆಂದೂ, ಸ್ಪರ್ಶವಿಲ್ಲದ ಕಾಲಿಗೆ ತಿಳಿಯದಂತೆ ಪದೇ ಪದೇ ಪೆಟ್ಟು ಬಿದ್ದು ಹಾಳಾಗುವುವೆಂದೂ ಕಂಡುಕೊಂಡರು. ಆ ಕಾಲುಗಳಿಗೆಂದು ಮೆತ್ತನೆಯ ಮೈಕ್ರೋಸೆಲ್ಯುಲರ್ ರಬ್ಬರಿನ ಚಪ್ಪಲಿಗಳು ಬಂದವು; ಇಂದಿಗೂ ಸ್ಪರ್ಶ ಕಳೆದುಕೊಂಡ ಪಾದಗಳಿಗೆ ವೈದ್ಯರು ಅವನ್ನು ಸೂಚಿಸುವರು. ಸಕ್ಕರೆ ರೋಗವಿರುವವನು ಮನೆಯೊಳಗೂ ಬರಿಗಾಲಿನಲ್ಲಿ ನಡೆಯಬಾರದು. ದಿನವೂ ರಾತ್ರಿ ಕನ್ನಡಿಯೊಂದನ್ನು ಕೆಳಗಿಟ್ಟು ಅಂಗಾಲನ್ನು ನೋಡಿಕೊಳ್ಳಬೇಕು. ಬೂಟು ತೊಡುವ ಮುನ್ನ ಒಳಗೆ ಕೈಯಾಡಿಸಿ ಕಲ್ಲು ಕಸವಿಲ್ಲವೆಂದು ಖಚಿತ ಮಾಡಿಕೊಳ್ಳಬೇಕು. ಬಿಸಿನೀರಿನ ಹದವನ್ನು ಕಾಲಿನಿಂದಲ್ಲ, ಮೊಣಕೈಯಿಂದ ಪರೀಕ್ಷಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೊರೆಯುವುದಂತೂ ಸರ್ವಥಾ ಕೂಡದು. ಸಣ್ಣ ಗಾಯವಾದರೂ, ಚರ್ಮದ ಬಣ್ಣ ಬದಲಾದರೂ ಅಂದೇ ವೈದ್ಯನ ಬಳಿಗೆ. ಇಂಥವನು ಶ್ರೀಶೈಲಕ್ಕೆ ಹೋಗಲೇಬೇಕೆಂದರೆ ವೈದ್ಯನನ್ನು ಕೇಳಿ, ಪಾದರಕ್ಷೆ ತೊಟ್ಟು ಹೋಗಲಿ, ಇಲ್ಲವೆ ಬಸ್ಸಿನಲ್ಲಿ ಹೋಗಲಿ. ಹರಕೆಯನ್ನು ಹೊತ್ತವನು ಭಕ್ತ. ಮಲ್ಲಯ್ಯನು ಅವನ ಬೆರಳನ್ನು ಕೇಳಿದವನಲ್ಲ.

2020ರ ಯುಗಾದಿ ಮಾರ್ಚ್ 25ರಂದು ಬಂದಿತು. ಸಾಂಕ್ರಾಮಿಕದ ಕಾರಣದಿಂದ ದೇಶದ ಬಸ್ಸು ರೈಲುಗಳೆಲ್ಲ ನಿಂತುಹೋಗಿ, ದಿಗ್ಬಂಧನ ಆರಂಭವಾದುದೂ ಅದೇ ದಿನ. ಕೆಲಸ ಹೋಗಿ, ಬಾಡಿಗೆಗೆ ಹಣವಿಲ್ಲದೆ, ಲಕ್ಷಾಂತರ ಕೂಲಿಕಾರರು ನಗರಗಳಿಂದ ನಡೆದೇ ಊರಿನ ದಾರಿ ಹಿಡಿದರು. ತಲೆಯ ಮೇಲೆ ಗಂಟು, ಕಂಕುಳಲ್ಲಿ ಕೂಸು. ಚಪ್ಪಲಿಯ ಉಂಗುಷ್ಠ ಕಿತ್ತು, ಹಗ್ಗ ಬಿಗಿದು ನಡೆದರು. ಅದೂ ಸವೆದ ಮೇಲೆ ಬರಿಗಾಲಿನಲ್ಲಿ ನಡೆದರು. ಹೆದ್ದಾರಿಯ ಪಕ್ಕದಲ್ಲಿ ಅನ್ನದ ಜೊತೆಗೆ ಚಪ್ಪಲಿಗಳ ರಾಶಿಯನ್ನಿಟ್ಟು ಕಾದುನಿಂತ ಪುಣ್ಯವಂತರೂ ಅಲ್ಲಲ್ಲಿ ಇದ್ದರು. ಶ್ರೀಶೈಲದ ಯಾತ್ರಿಕನ ಕಾಲಿಗೆ ಎಣ್ಣೆ ತಿಕ್ಕುವ ಕೈಗಳು ಈ ಯಾತ್ರಿಕರ ಕಾಲಿಗೆ ಎಷ್ಟು ಕಡೆಗಳಲ್ಲಿ ಮುಂದೆ ಬಂದವು, ಎಷ್ಟು ಕಡೆಗಳಲ್ಲಿ ರೋಗದ ಭಯದಿಂದ ಬಾಗಿಲು ಮುಚ್ಚಿದವು ಎಂಬುದನ್ನು ಆಯಾ ಊರವರೇ ಬಲ್ಲರು. ಕಲ್ಯಾಣದ ಕ್ರಾಂತಿಯ ತರುವಾಯ ಶರಣರೂ ಹೀಗೆಯೇ ಚದುರಿ, ಚೆನ್ನಬಸವಣ್ಣನವರೊಡನೆ ಉಳವಿಯ ಕಾಡಿನ ಕಡೆಗೆ ನಡೆದರು. ಅಂದು ಅವರ ಕಾಲಿಗೆ ನೀರೆರೆದವರ ಹೆಸರು ಯಾವ ಪುರಾಣದಲ್ಲಿಯೂ ಉಳಿದಿಲ್ಲ; ಎರೆದವರು ಇರಲೇಬೇಕು.

ಊರಲ್ಲುಳಿದ ತಾಯಂದಿರಿಗೂ ಒಂದು ಮಾತು ಸಲ್ಲುವುದು. ವಾರಕ್ಕೊಮ್ಮೆ ಬರುವ ದೂರವಾಣಿಯಲ್ಲಿ ಮಗನು ‘ಆರಾಮ ಅದೀನಿ ಯವ್ವಾ’ ಎನ್ನುವನು. ತಾಯಿಗೆ ಚಿಂತೆಯಾದೀತೆಂದು ಗಾಯವನ್ನು ಮುಚ್ಚಿಡುವನು. ಗುಳ್ಳೆ ಒಡೆದು ಎರಡು ದಿನದ ಕೂಲಿ ಹೋದುದನ್ನೂ ಹೇಳುವುದಿಲ್ಲ. ಉಂಡೆಯಾ ಎಂದು ಎಲ್ಲ ತಾಯಂದಿರೂ ಕೇಳುವರು. ಅದರ ಜೊತೆಗೆ ‘ಕಾಲು ಹೆಂಗದಾವೋ ಯಪ್ಪಾ’ ಎಂದೂ ಕೇಳಿದರೆ ನಿಜಸಂಗತಿ ಹೊರಬಂದೀತು. ಹಬ್ಬಕ್ಕೆ ಅವನು ಕಳುಹಿಸಿದ ಹಣದಲ್ಲಿ ಮನೆಗೆ ಸೀರೆ ಬರುವುದು, ದೇವರಿಗೆ ಬೆಳ್ಳಿಯ ಕಣ್ಣು ಬರುವುದು. ಮೊದಲ ತಿಂಗಳಿನ ಸಂಬಳದಲ್ಲಿ ಅವನು ತನಗೊಂದು ಗಟ್ಟಿ ಬೂಟು ಕೊಂಡಿರುವನೆ ಎಂದು ವಿಚಾರಿಸಿದ ಮೇಲೆ ಅವೆಲ್ಲ ಬರಲಿ.

ಇನ್ನು ಉಳಿದುದು ಪಾದರಕ್ಷೆಯನ್ನು ಮಾಡುವವರ ಮಾತು. ಸಮಗಾರ ಹರಳಯ್ಯನ ಕಥೆಯನ್ನು ಬಿಟ್ಟು ಈ ವಿಷಯವನ್ನು ಮುಗಿಸಲಾಗದು. ಹರಳಯ್ಯನು ಶರಣೆಂದಾಗ ಬಸವಣ್ಣನವರು ಅವನಿಗೆ ಎರಡು ಸಲ ಶರಣೆಂದರು. ಆ ಹೆಚ್ಚಿನ ಒಂದು ಶರಣಿನ ಋಣವನ್ನು ತೀರಿಸಲೆಂದು ಹರಳಯ್ಯನೂ ಅವನ ಸತಿ ಕಲ್ಯಾಣಮ್ಮನೂ ತಮ್ಮ ತೊಡೆಯ ಚರ್ಮವನ್ನು ತೆಗೆದು ಚಮ್ಮಾವುಗೆಗಳನ್ನು ಹೊಲಿದು ತಂದರು. ಬಸವಣ್ಣನವರು ಅವನ್ನು ಮೆಟ್ಟಲಿಲ್ಲ, ತಲೆಯ ಮೇಲಿಟ್ಟುಕೊಂಡರು. ಮುಂದೆ ಈ ಹರಳಯ್ಯನ ಮನೆಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮನೆಗೂ ಮದುವೆಯ ಸಂಬಂಧ ಬೆಳೆದುದಕ್ಕಾಗಿ ಇಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು. ಕಲ್ಯಾಣವು ಹೊತ್ತಿ ಉರಿಯಿತು. ಕಥೆಯನ್ನು ಕೇಳುವಾಗ ಕಣ್ಣೀರಿಡುವ ಭಕ್ತನು, ಬಸ್ಸು ನಿಲ್ದಾಣದ ಮೂಲೆಯಲ್ಲಿ ಕೊಡೆಯ ನೆರಳಿನಲ್ಲಿ ಕುಳಿತ ಚಮ್ಮಾರನೊಡನೆ ಐದು ರೂಪಾಯಿಗೆ ಜಗಳಾಡುವನು. ಹರಿದ ಚಪ್ಪಲಿಯನ್ನು ಕಾಲಿನಿಂದಲೇ ಅವನ ಮುಂದೆ ತಳ್ಳುವನು.

ಅಥಣಿ, ನಿಪ್ಪಾಣಿಗಳ ಸುತ್ತಣ ಕುಶಲಿಗಳು ಚರ್ಮವನ್ನು ಹದಮಾಡಿ, ಮೊಳೆಯಿಲ್ಲದೆ ಚರ್ಮದ ದಾರದಿಂದಲೇ ಹೊಲಿಯುವ ಚಪ್ಪಲಿಗಳು ಕೊಲ್ಲಾಪುರದ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿವೆ. 2019ರಲ್ಲಿ ಅವಕ್ಕೆ ಭೌಗೋಳಿಕ ಗುರುತು ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿದವು. ಊರು ಬಿಟ್ಟು ಹೋಗುವವನ ಗಂಟಿನಲ್ಲಿ ಬುತ್ತಿ, ವಿಭೂತಿಗಳ ಜೊತೆಯಲ್ಲಿ ಅಂಥದೊಂದು ಜೊತೆ ಇರಲಿ. ಕಾಂಕ್ರೀಟಿಗೆ ಗಂಬೂಟು, ಕಾರ್ಖಾನೆಗೆ ಬೂಟು, ಸಂಜೆ ಕೋಣೆಗೆ ಮರಳಿದ ಮೇಲೆ ಗಾಳಿಯಾಡಲು ಇದು. ಉಂಗುಷ್ಠ ಕಿತ್ತಾಗ ದಾರಿಬದಿಯ ಚಮ್ಮಾರನ ಬಳಿ ಕಳಚಿ, ಬಾಗಿ ಕೈಯಿಂದ ಕೊಟ್ಟು, ಹೊಲಿದಾದ ಮೇಲೆ ಅವನು ಕೇಳಿದಷ್ಟು ಹಣವನ್ನು ಕೊಟ್ಟು ಹೊರಡತಕ್ಕದ್ದು.